ಸೋರುವ ಮಾಳಿಗೆಯ ಕೆಳಗೆ ಗಿಟಾರು

ಹಾಸನದ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ನಮ್ಮನ್ನು ಅತಿಥಿಯಾಗಿ ಕರೆದಿದ್ದರು. ಸಣ್ಣಕಥೆ ಬರೆಯುವವರು ಭಾಷಣವನ್ನೂ ಸಣ್ಣದಾಗಿ ಮುಗಿಸುತ್ತಾರೆಂದು ಅವರು ನಂಬಿದ್ದಂತೆ ಕಂಡಿತು. ನಾವು ಅವರ ನಂಬಿಕೆ ಕೆಡಿಸಲಿಲ್ಲ. ಮಾತು ಮುಗಿದ ಮೇಲೆ ಐದು ಜನ ಹುಡುಗರು ವೇದಿಕೆ ಹತ್ತಿದರು. ಇಬ್ಬರ ಹೆಗಲಿಗೆ ಗಿಟಾರು, ಒಬ್ಬನ ಮುಂದೆ ಡ್ರಮ್ಸು, ಒಬ್ಬನ ಕೈಯಲ್ಲಿ ಪಿಟೀಲು. ಹಾಡುವ ಹುಡುಗ ಪ್ಯಾಂಟಿನ ಮೇಲೆಯೇ ಬಣ್ಣದ ಲುಂಗಿ ಸುತ್ತಿಕೊಂಡಿದ್ದ. ನಿರೂಪಣೆ ಮಾಡುತ್ತಿದ್ದ ಹುಡುಗಿ, ‘ಈಗ ಒಂದು ಜಾನಪದ ಗೀತೆ, ರಾಕ್ ಶೈಲಿಯಲ್ಲಿ’ ಎಂದಳು. ಹಾಡು ‘ಸೋರುತಿಹುದು ಮನೆಯ ಮಾಳಿಗೆ’.

ಸಭಾಂಗಣವಿಡೀ ಎದ್ದು ನಿಂತಿತು. ಪಲ್ಲವಿ ಬಂದಾಗಲೆಲ್ಲ ಹುಡುಗ ಮೈಕನ್ನು ಸಭೆಯ ಕಡೆಗೆ ತಿರುಗಿಸುತ್ತಿದ್ದ, ಐನೂರು ಗಂಟಲು ಒಟ್ಟಿಗೆ ನಮ್ಮ ಮನೆ ಸೋರುತ್ತಿದೆ ಎಂದು ಕೂಗುತ್ತಿದ್ದವು. ನಮ್ಮ ಪಕ್ಕದಲ್ಲಿ ಕೂತಿದ್ದ ಪ್ರಾಧ್ಯಾಪಕರೊಬ್ಬರು ಕಿವಿಗೆ ಬೆರಳಿಟ್ಟುಕೊಂಡರು. ನಮ್ಮ ಕಾಲು ಮಾತ್ರ ನಮ್ಮ ಅನುಮತಿ ಕೇಳದೆ ತಾಳ ಹಾಕುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಎರಡು ನುಡಿ ಹಾಡಿದರು. ಆಮೇಲೆ ಪಲ್ಲವಿಯನ್ನೇ ಏಳೆಂಟು ಸಲ ಎತ್ತಿ ಎತ್ತಿ ಹಾಡಿ, ಡ್ರಮ್ಸಿನ ಗುಡುಗಿನೊಂದಿಗೆ ನಿಲ್ಲಿಸಿದರು.

ಹಾಡಿದ ಹುಡುಗ ಕೆಳಗಿಳಿದು ಬಂದು, ‘ಹೇಗಿತ್ತು ಸಾರ್?’ ಎಂದ. ಚೆನ್ನಾಗಿತ್ತು ಎಂದೆವು, ಸುಳ್ಳಲ್ಲ. ಕೊನೆಯ ನುಡಿ ಯಾಕೆ ಬಿಟ್ಟಿರಪ್ಪಾ ಎಂದು ಕೇಳಿದೆವು. ‘ಅದು ಸ್ವಲ್ಪ ಡಲ್ ಆಗುತ್ತೆ ಸಾರ್, ಟೈಮೂ ಇರಲಿಲ್ಲ’ ಎಂದ. ಇದು ಯಾರ ಹಾಡು ಗೊತ್ತೇ? ‘ಜಾನಪದ ಅಲ್ವಾ ಸಾರ್? ರಘು ದೀಕ್ಷಿತ್ ಹಾಡಿದಾರೆ.’ ಶಿಶುನಾಳ ಶರೀಫರದು, ಅವರ ತಂದೆಯ ಹೆಸರು ಇಮಾಮ್ ಸಾಹೇಬ ಎಂದೆವು. ಹುಡುಗನ ಮುಖ ಅರಳಿತು. ‘ಓ, ಹಾಗಾದ್ರೆ ನಿಮ್ಮವರು ಸಾರ್!’

ಅವನ ಮಾತಿನಲ್ಲಿ ಕೊಂಕಿರಲಿಲ್ಲ, ನಿಜವಾದ ಸಂತೋಷವಿತ್ತು. ಆದರೂ ಹಳೇಬೀಡಿನ ಮೇಲೆ ಜಾವಗಲ್ಲಿಗೆ ಬರುವ ಬಸ್ಸಿನಲ್ಲಿ ಕೂತು ಬರುವಾಗ ಆ ‘ನಿಮ್ಮವರು’ ಎಂಬ ಪದ ನಮ್ಮ ಜೊತೆಯಲ್ಲೇ ಕೂತು ಬಂತು. ಮನೆಯಲ್ಲಿ ಈ ಪ್ರಸಂಗ ಹೇಳಿದಾಗ ಬಂಧುಗಳೊಬ್ಬರು, ‘ಗುರುವಿನ ಕೈಯಲ್ಲಿ ಜನಿವಾರ ಹಾಕಿಸಿಕೊಂಡವರು ನಮ್ಮವರು ಹೇಗಾಗುತ್ತಾರೆ?’ ಎಂದರು. ಹಾಸನದಲ್ಲಿ ನಿಮ್ಮವರಾಗಿದ್ದ ಶರೀಫರು ಜಾವಗಲ್ಲಿಗೆ ಬರುವ ಹೊತ್ತಿಗೆ ಯಾರವರೂ ಅಲ್ಲದವರಾಗಿದ್ದರು. ಆ ರಾತ್ರಿ ಹಾಡನ್ನು ಮತ್ತೆ ಕೇಳಿದೆವು. ಇಷ್ಟು ವರ್ಷ ಕೇಳಿದ ಹಾಡನ್ನು ಸರಿಯಾಗಿ ಕೇಳಿಯೇ ಇರಲಿಲ್ಲ ಅನ್ನಿಸಿತು.

ಹಾಡಿಗೆ ಹೋಗುವ ಮೊದಲು ಬ್ಯಾಂಡಿನ ಬಗ್ಗೆ ನಾಲ್ಕು ಮಾತು. ರಘು ದೀಕ್ಷಿತ್ ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು, ಭರತನಾಟ್ಯ ಕಲಿತವರು. ಅವರ ಮೊದಲ ತಂಡದ ಹೆಸರು ‘ಅಂತರಾಗ್ನಿ’. ಆ ತಂಡ ಚದುರಿದ ಮೇಲೆ ಕಟ್ಟಿದ ‘ರಘು ದೀಕ್ಷಿತ್ ಪ್ರಾಜೆಕ್ಟ್’ 2008ರಲ್ಲಿ ಅದೇ ‘ಅಂತರಾಗ್ನಿ’ ಹೆಸರಿನಲ್ಲಿ ಮೊದಲ ಧ್ವನಿಮುದ್ರಿಕೆ ತಂದಿತು. ಅದರಲ್ಲಿ ಹಿಂದಿ ಹಾಡುಗಳುಂಟು, ಇಂಗ್ಲಿಷ್ ಹಾಡುಂಟು, ಅವುಗಳ ನಡುವೆ ಶರೀಫರ ಎರಡು ಪದಗಳುಂಟು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ಈ ‘ಸೋರುತಿಹುದು’. 2010ರಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಈ ತಂಡ ಹಾಡಿತು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋಯಿತು. ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಹಳ್ಳಿಯೊಂದರಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಬದುಕಿದ್ದ ಕವಿ ಲುಂಗಿಯುಟ್ಟ ಗಾಯಕನೊಬ್ಬನ ದೆಸೆಯಿಂದ ಹೀಗೆ ಹೊಸ ಕಿವಿಗಳನ್ನು ಮುಟ್ಟಿದರು. ಇದು ಸಣ್ಣ ಸಂಗತಿಯಲ್ಲ.

ಗಡಿಯಾಚೆಗೂ ಇಂಥದು ನಡೆದಿದೆ. ಪಾಕಿಸ್ತಾನದ ‘ಜುನೂನ್’ ತಂಡ ತನ್ನ ಸಂಗೀತವನ್ನು ಸೂಫಿ ರಾಕ್ ಎಂದೇ ಕರೆದುಕೊಂಡಿತು, 1999ರ ‘ಪರ್ವಾಜ್’ ಮುದ್ರಿಕೆಯಲ್ಲಿ ಪಂಜಾಬಿನ ಬುಲ್ಲೇ ಶಾಹನನ್ನು ಗಿಟಾರಿಗೆ ಹಾಡಿತು. ದೆಹಲಿಯ ‘ಇಂಡಿಯನ್ ಓಷನ್’ 2000ದಲ್ಲಿ ಸಿರಿಯನ್ ಕ್ರೈಸ್ತರ ಹಳೆಯ ಪ್ರಾರ್ಥನೆಯೊಂದನ್ನು ‘ಕಂದೀಸಾ’ ಎಂದು ಹಾಡಿತು. ಹೊಸ ವಾದ್ಯದ ಹುಡುಗರು ಹಳೆಯ ಸಂತರ ಮನೆ ಬಾಗಿಲು ತಟ್ಟುವುದು ಯಾಕೋ ಪ್ರತಿ ಕಾಲದಲ್ಲೂ ನಡೆಯುತ್ತದೆ. ಬಹುಶಃ ಸ್ವಂತ ಸಾಲು ಸಾಲದೆ ಬಂದಾಗ.

ಇನ್ನು ಹಾಡಿನ ಮಾತು. ನಮ್ಮ ಕಡೆಯವರಿಗೆ ಮೊದಲ ತೊಡಕು ‘ಮಾಳಿಗೆ’ ಎಂಬ ಪದದಲ್ಲೇ ಇದೆ. ಜಾವಗಲ್ಲಿನಲ್ಲಿ ನಾವು ಹುಟ್ಟಿ ಬೆಳೆದ ಮನೆಗೆ ನಾಡಹೆಂಚು. ಮಾಳಿಗೆ ಎಂದರೆ ನಮಗೆ ಮಹಡಿ, ಉಳ್ಳವರ ಮನೆಯ ಮೇಲಂತಸ್ತು. ಶಾಲೆಯಲ್ಲಿ ಈ ಹಾಡು ಕೇಳಿದಾಗ ನಾವು ಕಲ್ಪಿಸಿಕೊಂಡದ್ದು ದೊಡ್ಡ ಮನೆಯೊಂದರ ಮೇಲಿನ ಕೋಣೆಯಲ್ಲಿ ನೀರು ತೊಟ್ಟಿಕ್ಕುವುದನ್ನು, ಆದ್ದರಿಂದ ನಮಗೆ ಆ ಮನೆಯವರ ಮೇಲೆ ಅಂಥ ಕನಿಕರವೇನೂ ಹುಟ್ಟಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ಗೆಳೆಯರ ಮನೆಯಲ್ಲಿ ಉಳಿದಾಗ ಶರೀಫರ ಮಾಳಿಗೆಯನ್ನು ಕಣ್ಣಾರೆ ಕಂಡೆವು. ಅದು ಮಣ್ಣಿನ ಸೂರು. ಗೋಡೆಯಿಂದ ಗೋಡೆಗೆ ತೊಲೆ, ತೊಲೆಗಳ ಮೇಲೆ ಅಡ್ಡಡ್ಡ ಜಂತೆ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಎಲ್ಲದರ ಮೇಲೆ ಗೇಣುದ್ದ ಮಣ್ಣು. ಮೇಲೆ ಸಪಾಟು. ಬೇಸಿಗೆಯಲ್ಲಿ ಅಲ್ಲೇ ಕಾಳು ಒಣಗಿಸುತ್ತಾರೆ, ಅಲ್ಲೇ ಮಲಗುತ್ತಾರೆ. ಇಳಿಜಾರಿಲ್ಲದ ಈ ಸೂರು ನಿಂತಿರುವುದು ಮನೆಯವರ ಎಚ್ಚರದ ಮೇಲೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಮೇಲೆ ಹತ್ತಿ, ಬೆಳೆದ ಹುಲ್ಲು ಕಿತ್ತು, ಇರುವೆ ಕೊರೆದ ತೂತು ಮುಚ್ಚಿ, ನೀರು ಇಂಗಗೊಡದ ಹೊಸ ಮಣ್ಣು ಹೊದಿಸಿ ಬಡಿಯಬೇಕು. ಒಂದು ವರ್ಷ ತಪ್ಪಿದರೂ ಮಳೆ ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಇದು ಗೊತ್ತಾದ ಮೇಲೆ ಹಾಡನ್ನು ಓದಿ ನೋಡಿ. ಶರೀಫರು ಒಂದೊಂದೇ ಹೇಳುತ್ತಾ ಹೋಗುತ್ತಾರೆ: ತೊಲೆ ಮುರಿದಿದೆ, ಜಂತೆಗೆ ಹುಳು ಹಿಡಿದಿದೆ, ಕೀಲು ಸಡಿಲಾಗಿದೆ, ಹುಲ್ಲು ಕಸ ಬೆಳೆದಿದೆ, ಇರುವೆ ಮುತ್ತಿದೆ. ರಿಪೇರಿಗೆ ಬಂದ ಬಡಗಿ ಮನೆಯ ಯಜಮಾನನಿಗೆ ಹೇಳುವ ಪಟ್ಟಿಯೇ ಇದು. ಅಧ್ಯಾತ್ಮದ ಹಾಡು ಎಂದು ಕಣ್ಣು ಮುಚ್ಚಿ ಕೇಳುವವರು ಈ ಪಟ್ಟಿಯನ್ನು ದಾಟಿಬಿಡುತ್ತಾರೆ. ಮನೆಯೆಂದರೆ ದೇಹ, ಮಾಳಿಗೆಯೆಂದರೆ ಮನಸ್ಸು, ಸೋರುವುದೆಂದರೆ ವಿಷಯವಾಸನೆ ಎಂದು ವ್ಯಾಖ್ಯಾನ ಮಾಡಿ ಮುಗಿಸುತ್ತಾರೆ. ವ್ಯಾಖ್ಯಾನ ತಪ್ಪಲ್ಲ. ಆದರೆ ಹುಳು ಹಿಡಿದ ಜಂತೆಯನ್ನು ಕಾಣದವನಿಗೆ ಹುಳು ಹಿಡಿದ ಮನಸ್ಸೂ ಕಾಣುವುದಿಲ್ಲ ಎಂದು ನಮ್ಮ ಅನಿಸಿಕೆ.

ಪಲ್ಲವಿಯಲ್ಲಿ ಸೋರುವುದಕ್ಕೆ ಕಾರಣವಾಗಿ ‘ಅಜ್ಞಾನ’ ಎಂಬ ಪದವಿದೆ. ಈ ಅಜ್ಞಾನ ಯಾವುದು? ಉತ್ತರ ಕೊನೆಯ ನುಡಿಯಲ್ಲಿದೆ, ಕಾಲೇಜಿನ ಹುಡುಗರು ಡಲ್ ಎಂದು ಬಿಟ್ಟ ನುಡಿಯಲ್ಲಿ. ಅಲ್ಲಿ ಹುಬ್ಬಿ ಮಳೆ ಬರುತ್ತದೆ. ನಕ್ಷತ್ರದ ಲೆಕ್ಕದಲ್ಲಿ ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಕಳೆದ ಮೇಲೆ ಬರುವುದು ಹುಬ್ಬೆ. ಆಗಸ್ಟ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ನಡುವಿನವರೆಗೆ ಅದರ ಪಾಳಿ. ಅಂದರೆ ಮಾಳಿಗೆಗೆ ಮಣ್ಣು ಹೊದಿಸುವ ಕಾಲ ಕಳೆದು ಮೂರು ತಿಂಗಳಾಗಿದೆ. ಏಳು ಮಳೆ ಸರದಿಯಾಗಿ ಬಂದು ಎಚ್ಚರಿಸಿ ಹೋಗಿವೆ, ಎಂಟನೆಯದು ಬಂದಾಗ ಮನೆಯವನಿಗೆ ಸೋರುತ್ತಿದೆ ಎಂದು ತಿಳಿಯುತ್ತದೆ. ಅದೂ ಕತ್ತಲಲ್ಲಿ, ಮೇಲೆ ಹತ್ತಲಾಗದ ಹೊತ್ತಿನಲ್ಲಿ. ಶರೀಫರ ಅಜ್ಞಾನ ವೇದಾಂತದ ದೊಡ್ಡ ಪದವಾಗುವ ಮೊದಲು ಕಾಲ ಮೀರಿಸಿಕೊಂಡ ಸಂಸಾರಿಯ ಸಣ್ಣ ತಪ್ಪು.

ನಮಗೆ ಇದು ಬೇಗ ಅರ್ಥವಾಗಲು ಮನೆಯ ಕಾರಣವೂ ಉಂಟು. ನಮ್ಮ ಅಬ್ಬಾ ಇರುವವರೆಗೆ ಪ್ರತಿ ಮೇ ತಿಂಗಳಲ್ಲಿ ಏಣಿ ಹಾಕಿ ಹೆಂಚು ಕೈಯಾಡಿಸುತ್ತಿದ್ದರು. ಒಡೆದ ಹೆಂಚು ತೆಗೆದು, ಇಲಿ ಸರಿಸಿದ್ದನ್ನು ಜೋಡಿಸಿ, ಇಳಿದು ಬಂದು ಕೆಂಪಾದ ಕೈ ತೊಳೆಯುತ್ತಿದ್ದರು. ಅವರು ತೀರಿಕೊಂಡ ವರ್ಷ ಯಾರೂ ಹತ್ತಲಿಲ್ಲ. ನಮಗೆ ಹನ್ನೊಂದು ವಯಸ್ಸು. ಮಳೆಗಾಲದಲ್ಲಿ ಅಮ್ಮ ಮನೆಯ ಪಾತ್ರೆಗಳನ್ನೆಲ್ಲ ನೆಲದ ಮೇಲೆ ಹರಡಿದರು. ಯಾವ ಪಾತ್ರೆಯಲ್ಲಿ ಯಾವ ಸದ್ದು ಎಂದು ನಾವು ಮಕ್ಕಳು ಗುರುತಿಟ್ಟಿದ್ದೆವು. ಅಮ್ಮ ಯಾರನ್ನೂ ದೂರಲಿಲ್ಲ. ‘ರಹಮತ್ ಬರಸ್ ರಹೀ ಹೈ’, ಕರುಣೆ ಸುರಿಯುತ್ತಿದೆ, ಎಂದಷ್ಟೇ ಹೇಳಿ ಹಾಸಿಗೆಯನ್ನು ಇನ್ನೊಂದು ಮೂಲೆಗೆ ಎಳೆಯುತ್ತಿದ್ದರು.

ಉರ್ದು ಶಾಲೆಯಲ್ಲಿ ನಮಗೆ ಗಾಲಿಬನ ಪತ್ರಗಳ ಪಾಠವಿತ್ತು. ದೆಹಲಿಯ ಬಾಡಿಗೆ ಮನೆಯಲ್ಲಿ ಮಳೆಗಾಲ ಕಳೆದ ಗಾಲಿಬ್, ಮೋಡ ಸುರಿದು ನಿಂತ ಮೇಲೂ ತನ್ನ ಸೂರು ಮಾತ್ರ ಅದರ ಎರಡರಷ್ಟು ಹೊತ್ತು ಸುರಿಯುತ್ತದೆ ಎಂದು ಗೆಳೆಯನಿಗೆ ತಮಾಷೆಯಾಗಿ ಬರೆಯುತ್ತಾನೆ. ಗಾಲಿಬ್ ಹುಟ್ಟಿದ್ದು 1797ರಲ್ಲಿ, ತೀರಿಕೊಂಡದ್ದು 1869ರಲ್ಲಿ. ಶರೀಫರು 1819ರಿಂದ 1889. ಒಂದೇ ಕಾಲದ ಇಬ್ಬರು ಕವಿಗಳು, ಒಬ್ಬರಿಗೊಬ್ಬರ ಸುಳಿವಿಲ್ಲದೆ ಎರಡು ಸೋರುವ ಸೂರುಗಳ ಕೆಳಗೆ ಕೂತಿದ್ದರು. ಗಾಲಿಬ್ ನಗುತ್ತಾನೆ. ಅವನಿಗೆ ಮನೆ ಬೇರೆಯವರದು, ಅವಮಾನವಷ್ಟೇ ತನ್ನದು. ಶರೀಫರ ಮನೆ ತನ್ನದೇ ಆದ್ದರಿಂದ ನಗುವಿಗೆ ಜಾಗವಿಲ್ಲ. ಇನ್ನೊಂದು ಮಾತು: ಉರ್ದುವಿನ ‘ಟಪಕ್‌ನಾ’ದಲ್ಲಿ ಹನಿ ಬೀಳುವ ಸದ್ದಿದೆ, ಎಲ್ಲಿ ಬಿತ್ತು ಎಂದು ಕಣ್ಣು ಹುಡುಕುತ್ತದೆ. ಕನ್ನಡದ ‘ಸೋರು’ವಿನಲ್ಲಿ ಸದ್ದಿಲ್ಲ. ದುಡ್ಡು ಸೋರುತ್ತದೆ, ಮಾತು ಸೋರುತ್ತದೆ, ಗೊತ್ತೇ ಆಗದಂತೆ. ಈ ಹಾಡನ್ನು ಉರ್ದುವಿಗೆ ತರಲು ನಾವು ಒಮ್ಮೆ ಕೂತು ಮೊದಲ ಪದದಲ್ಲೇ ಕೈಬಿಟ್ಟೆವು.

ಶರೀಫರಿಗೆ ಇಂಥ ಹಾಡಿನ ಪ್ರೇರಣೆ ಎಲ್ಲಿಂದ? ಅವರು ಕಂಡದ್ದನ್ನೆಲ್ಲ ಅಲ್ಲೇ ನಿಂತು ಪದ ಕಟ್ಟುತ್ತಿದ್ದರು ಎಂದು ಜನ ಹೇಳುತ್ತಾರೆ, ಒಂದೊಂದು ಪದಕ್ಕೂ ಒಂದೊಂದು ಕಥೆ ಹುಟ್ಟಿಕೊಂಡಿದೆ. ಈ ಕಥೆಗಳನ್ನು ನಂಬಲೇಬೇಕೆಂದಿಲ್ಲ, ಅಲ್ಲಗಳೆಯಲೂ ಬೇಕಿಲ್ಲ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಕೆಲವು ಕಾಲ ಶಾಲಾ ಮಾಸ್ತರಿಕೆ ಮಾಡಿದವರು ಅವರು, ಸಂಸಾರದ ಕಷ್ಟ ತಿಳಿದವರು. ಆದರೆ ಮನೆಯ ಸಾಮಾನಿನಲ್ಲಿ ತತ್ವ ಕಾಣುವ ಕಣ್ಣು ಒಬ್ಬರದೇ ಸ್ವಂತ ಸಂಪಾದನೆಯಲ್ಲ. ವಚನಕಾರರು ದೇಹವನ್ನು ಗುಡಿಯಾಗಿ ಕಂಡಿದ್ದರು. ಶರೀಫರ ಗುರು ಕಳಸದ ಗೋವಿಂದ ಭಟ್ಟರು ಆ ದಾರಿಗಳನ್ನೆಲ್ಲ ಬಲ್ಲವರು. ಇದನ್ನು ಎಲ್ಲರೂ ಹೇಳುತ್ತಾರೆ. ಕಡಿಮೆ ಹೇಳುವ ಇನ್ನೊಂದು ದಾರಿ ವಿಜಾಪುರದ ಕಡೆಯಿಂದ ಬಂದದ್ದು. ಆದಿಲ್‌ಶಾಹಿ ಕಾಲದ ದಖನಿ ಸೂಫಿಗಳು ಚಕ್ಕೀನಾಮ, ಚರ್ಖಾನಾಮ ಎಂಬ ಹಾಡುಗಳನ್ನು ಕಟ್ಟಿದ್ದರು. ಹೆಂಗಸರು ಬೀಸುವಾಗ, ನೂಲುವಾಗ ಹಾಡಿಕೊಳ್ಳಲಿ ಎಂದು. ಬೀಸುಕಲ್ಲಿನ ಹಿಡಿ, ಗೂಟ, ಕಾಳು, ಹಿಟ್ಟು ಒಂದೊಂದೂ ಅಲ್ಲಾಹನ ಕಡೆಗೆ ಹೋಗುವ ಪಾಠವಾಗುತ್ತಿತ್ತು. ಈ ಹಾಡುಗಳ ಬಗ್ಗೆ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಬಂದ ತಮ್ಮ ‘ಸೂಫೀಸ್ ಆಫ್ ಬಿಜಾಪುರ್’ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಶರೀಫರ ತಂದೆ ಹುಲಗೂರಿನ ಖಾದರಿ ಪರಂಪರೆಯ ಸಂತರಿಗೆ ನಡೆದುಕೊಳ್ಳುತ್ತಿದ್ದವರು. ಗುಡುಗುಡಿಯ ಹಾಡಿನಲ್ಲಿ ಮನಸ್ಸು ಸಂಚಿಯಾಗುತ್ತದೆ, ಶರೀರ ಬುರುಡೆಯಾಗುತ್ತದೆ. ಮಾಳಿಗೆಯ ಹಾಡಿನಲ್ಲಿ ತೊಲೆ ಜಂತೆಗಳು ಬರುತ್ತವೆ. ಬೀಸುಕಲ್ಲಿನ ಹಾಡುಗಳಿಗೂ ಇವಕ್ಕೂ ನಂಟಿದೆ ಎಂದು ದಾಖಲೆ ತೋರಿಸಿ ಸಾಧಿಸಲು ನಾವು ವಿದ್ವಾಂಸರಲ್ಲ, ಕಥೆಗಾರರು. ಎರಡನ್ನೂ ಬಲ್ಲ ಕಿವಿಗೆ ಒಂದೇ ಮನೆಯ ಮಾತಿನಂತೆ ಕೇಳಿಸುತ್ತದೆ ಎಂದಷ್ಟೇ ಹೇಳಬಲ್ಲೆವು.

ಈಗ ಹಾಡಿನ ಎದೆಗೆ ಬರೋಣ. ಎರಡು ಕಡೆ ಶರೀಫರ ಮಾತು ಇಬ್ಬಗೆಯಾಗಿದೆ, ಹಾಡುವವರು ಯಾವ ಕಡೆಗೆ ವಾಲುತ್ತಾರೆ ಎಂಬುದರಿಂದ ಹಾಡಿನ ಅರ್ಥವೇ ಬದಲಾಗುತ್ತದೆ.

ಮೊದಲನೆಯದು, ನೀರಿನ ರಭಸಕ್ಕೆ ಮಾಳಿಗೆಯ ಮಣ್ಣು ಕರಗಿ ಒಳಗು ಹೊರಗು ಒಂದೇ ಆಗುತ್ತದೆ ಎಂಬ ಭಾವದ ನುಡಿ. ಸಂಸಾರಿಯ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ನಾಶವಿಲ್ಲ. ಒಳಗು ಹೊರಗು ಬೇರೆ ಇರಲಿ ಎಂದೇ ಅಲ್ಲವೇ ಮನೆ ಕಟ್ಟುವುದು? ಆದರೆ ಸಾಧಕನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಲಾಭವೂ ಇಲ್ಲ. ಸೂಫಿಗಳು ‘ಫನಾ’ ಎನ್ನುವುದು, ಅದ್ವೈತಿಗಳು ತಮ್ಮ ಮಾತಿನಲ್ಲಿ ಹೇಳುವುದು, ಈ ಗೋಡೆ ಕರಗುವುದನ್ನೇ. ಶರೀಫರು ಇದನ್ನು ಅಳುತ್ತಾ ಹೇಳುತ್ತಿದ್ದಾರೋ, ಅಳುತ್ತಿದ್ದಂತೆ ನಟಿಸಿ ಒಳಗೊಳಗೇ ಹಿಗ್ಗುತ್ತಿದ್ದಾರೋ? ನಮಗೆ ಎರಡೂ ಕೇಳಿಸುತ್ತದೆ.

ಎರಡನೆಯದು, ಕೊನೆಯ ನುಡಿಯ ‘ಕರುಣೆ’. ಅಲ್ಲಿ ಹಾಡುವವನು ಹೆಂಡತಿಯ ಕಡೆಗೆ ತಿರುಗುತ್ತಾನೆ. ಕರುಣೆ ಎಂಬ ಆ ಪದವನ್ನು ಹಿಂದಿನ ಮಾತಿಗೆ ಸೇರಿಸಿದರೆ ಹೆಂಡತಿಯನ್ನು ಕರುಣೆಯಿಂದ ಕೇಳು ಎಂದು ಬೇಡಿಕೊಂಡಂತೆ. ಮುಂದಿನ ಮಾತಿಗೆ ಸೇರಿಸಿದರೆ ಹುಬ್ಬಿ ಮಳೆಯೇ ಕರುಣೆಯಿಂದ ಬಂದಿದೆ ಎಂದಂತೆ. ಗಾಯಕ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ ಎಂಬುದರ ಮೇಲೆ ಅರ್ಥ ನಿಂತಿದೆ. ನಾವು ನಮ್ಮ ಅಮ್ಮನ ಮಾತನ್ನು ಕೇಳಿ ಬೆಳೆದವರು, ನಮಗೆ ಎರಡನೆಯದೇ ಮೊದಲು ಕೇಳಿಸಿದ್ದು. ಕುರ್‌ಆನ್ ಮಳೆಯನ್ನು ರಹಮತ್ ಎಂದು ಕರೆಯುತ್ತದೆ. ರೈತನ ಲೆಕ್ಕವೂ ಅದೇ. ಅರಸೀಕೆರೆ ಸೀಮೆಯ ಮಳೆಯಾಶ್ರಿತ ರಾಗಿ ಹೊಲಕ್ಕೆ ಸೆಪ್ಟೆಂಬರಿನಲ್ಲಿ ಒಂದು ಹದ ಮಳೆ ಬೀಳದಿದ್ದರೆ ತೆನೆ ಜೊಳ್ಳು. ಮನೆಯನ್ನು ಕೆಡವುವ ಮಳೆ, ಹೊಲವನ್ನು ಉಳಿಸುವ ಮಳೆ ಒಂದೇ. ಶಿಶುನಾಳಾಧೀಶ ಕಾಯುತ್ತಾನೆಂಬ ನಂಬಿಕೆ ಈ ಮಳೆ ಬಂದ ಮೇಲೆಯೇ ಹಾಡಿನಲ್ಲಿ ಬರುತ್ತದೆ, ಸೂರು ರಿಪೇರಿಯಾದ ಮೇಲಲ್ಲ. ಸೂರು ರಿಪೇರಿಯಾಗುವುದೇ ಇಲ್ಲ.

ಇಲ್ಲಿ ನಮಗೆ ಮದೀನಾದ ಮಸೀದಿ ನೆನಪಾಗುತ್ತದೆ. ಪ್ರವಾದಿಯವರ ಕಾಲದಲ್ಲಿ ಅದರ ಸೂರು ಖರ್ಜೂರದ ಗರಿಯದು. ರಮಝಾನಿನ ಒಂದು ರಾತ್ರಿ ಮಳೆ ಬಂದು ಮಸೀದಿ ಸೋರಿತು, ಪ್ರವಾದಿಯವರು ಆ ನೀರು ಕೆಸರಿನಲ್ಲೇ ಸಜ್ದಾ ಮಾಡಿದರು, ನಮಾಝ್ ಮುಗಿದಾಗ ಅವರ ಹಣೆಯ ಮೇಲೆ ಕೆಸರಿನ ಗುರುತಿತ್ತು ಎಂದು ಹದೀಸಿನಲ್ಲಿದೆ. ಆ ರಾತ್ರಿಯನ್ನೇ ಲೈಲತುಲ್ ಕದ್ರ್ ಎಂದು ಗುರುತಿಸಿದ್ದುಂಟು. ನಮ್ಮ ಬಂಧುಗಳಿಗೂ ಈ ಹದೀಸು ಗೊತ್ತು, ನಮಗಿಂತ ಚೆನ್ನಾಗಿಯೇ ಗೊತ್ತು. ಸೋರುವ ಸೂರಿನ ಕೆಳಗೆ ಕರುಣೆಯನ್ನು ಕಂಡ ಕವಿ ನಮ್ಮವರೋ ಅಲ್ಲವೋ ಎಂದು ಅವರನ್ನು ಮತ್ತೆ ಕೇಳಿದೆವು. ‘ಹಾಡು ಬೇರೆ, ಹದೀಸು ಬೇರೆ’ ಎಂದರು. ಅದೂ ಸರಿಯೇ. ಆದರೆ ಆ ದಿನ ಜನಿವಾರದ ಮಾತು ಎತ್ತಲಿಲ್ಲ.

ಶರೀಫರು ಶಿಶುನಾಳದ ಬಸವಣ್ಣನ ಹೆಸರಿನಲ್ಲಿ ಅಂಕಿತ ಇಟ್ಟರು, ಬ್ರಾಹ್ಮಣ ಗುರುವನ್ನು ನೆಚ್ಚಿದರು, ಇಮಾಮ್ ಸಾಹೇಬರ ಮಗನಾಗಿಯೂ ಉಳಿದರು. ಇದನ್ನೇ ಹಿಡಿದು ನಮ್ಮವರು ಅವರನ್ನು ಹೊಸ್ತಿಲ ಹೊರಗೆ ನಿಲ್ಲಿಸಿದರೆ, ಉಳಿದವರು ‘ಸಂತ’ ಎಂಬ ಬಿರುದು ಕೊಟ್ಟು ಹುಟ್ಟಿದ ಮನೆಯ ವಿಳಾಸ ಮರೆತರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದಿತು, ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡರು ಗೋವಿಂದ ಭಟ್ಟರಾಗಿ ಅಭಿನಯಿಸಿದರು, ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ಒಳ್ಳೆಯ ಚಿತ್ರ. ಅಲ್ಲಿಂದಾಚೆಗೆ ಶರೀಫರೆಂದರೆ ಭಾವೈಕ್ಯದ ಭಾಷಣಕ್ಕೆ ಬೇಕಾಗುವ ಹೆಸರಾದರು. ಭಾಷಣದಲ್ಲಿ ಹೆಸರು ಉಳಿಯಿತು, ಹಾಡಿನಲ್ಲಿ ಹೋಯಿತು. ಹಾಸನದ ಆ ನಿರೂಪಕಿಯ ಬಾಯಲ್ಲಿ ಅದು ಜಾನಪದವಾಗಿತ್ತು. ಕರ್ತೃವಿಲ್ಲದ ಹಾಡನ್ನು ಹೇಗೆ ಬೇಕಾದರೂ ಕತ್ತರಿಸಬಹುದು, ಕೇಳುವವರಿಲ್ಲ.

ಹಾಗಾದರೆ ರಾಕ್ ತಂಡದ ಮೇಲೆ ನಮ್ಮ ದೂರೇನು? ದೂರಿಗಿಂತ ಋಣವೇ ಹೆಚ್ಚು ಎಂದು ಹೇಳಿದರೆ ಶುದ್ಧ ಸಂಗೀತದ ಗೆಳೆಯರು ಸಿಟ್ಟಾದಾರು. ಶರೀಫರ ಪದಗಳು ಮೊದಲು ಭಜನೆ ಮೇಳದವು. ಏಕತಾರಿ, ದಮ್ಮಡಿ, ತಾಳ. ಒಬ್ಬ ಎತ್ತಿಕೊಟ್ಟದ್ದನ್ನು ಹತ್ತು ಜನ ಹಿಡಿಯುವುದು, ಬೆಳಗಿನವರೆಗೆ. ಆಮೇಲೆ ಸಿ. ಅಶ್ವತ್ಥ್ ಬಂದರು. ಅವರ ಕ್ಯಾಸೆಟ್ಟುಗಳಿಂದಲೇ ಶರೀಫರು ದಕ್ಷಿಣದ ಮನೆಮನೆಗೆ ಬಂದದ್ದು, ಜಾವಗಲ್ಲಿನ ನಮ್ಮ ಮನೆಗೂ. ಅಶ್ವತ್ಥರ ಎದೆಗಾರಿಕೆಯ ದನಿಗೆ ಸಮನಾದದ್ದು ಇನ್ನೊಂದಿಲ್ಲ. ಆದರೆ ಕ್ಯಾಸೆಟ್ಟು ನಮ್ಮನ್ನು ಕೇಳುಗರನ್ನಾಗಿ ಮಾಡಿತು, ಕುರ್ಚಿಯ ಮೇಲೆ ಕೂರಿಸಿತು. ರಘು ದೀಕ್ಷಿತರ ತಂಡ ಗಿಟಾರು, ಪಿಟೀಲು, ಡ್ರಮ್ಸು ಹಿಡಿದು ಮತ್ತೆ ಕುರ್ಚಿಯಿಂದ ಎಬ್ಬಿಸಿತು. ಎತ್ತಿಕೊಡುವುದು, ಹಿಡಿಯುವುದು ಮರಳಿ ಬಂತು. ವಾದ್ಯ ದೂರದ್ದು, ರೀತಿ ಮೇಳದ್ದು. ಹಾಡಿನಲ್ಲಿ ‘ನಾನು’ ಎಂದಿರುವುದು ಕತ್ತಲಲ್ಲಿ ಒಂಟಿಯಾಗಿ ಕೂತ ಮನುಷ್ಯ. ಐನೂರು ಜನ ಒಟ್ಟಿಗೆ ಹಾಡಿದಾಗ ಆ ‘ನಾನು’ ‘ನಾವು’ ಆಗಿಬಿಡುತ್ತದೆ. ಎಲ್ಲರ ಮನೆಯೂ ಸೋರುತ್ತಿದೆ ಎಂದು ಒಪ್ಪಿಕೊಳ್ಳುವ ಸಭೆ ನಮಗೆ ಬೇರೆಲ್ಲಿ ಸಿಕ್ಕೀತು? ರಾಜಕೀಯ ಸಭೆಗಳಲ್ಲಿ ಸೋರುವುದು ಯಾವಾಗಲೂ ಎದುರು ಪಕ್ಷದವರ ಮನೆ.

ಕಳೆದುಹೋಗುವುದು ಬೇರೆ. ಈ ಬಗೆಯ ಸಂಗೀತಕ್ಕೆ ಏರು ಬೇಕು, ಕೊನೆಯಲ್ಲಿ ಶಿಖರ ಬೇಕು. ಶರೀಫರ ಹಾಡು ಇಳಿಯುತ್ತಾ ಹೋಗುವ ಹಾಡು: ತೊಲೆಯಿಂದ ಜಂತೆಗೆ, ಜಂತೆಯಿಂದ ಮಣ್ಣಿಗೆ, ಮಣ್ಣಿನಿಂದ ಪಕ್ಕದಲ್ಲಿ ಕೂತ ಹೆಂಡತಿಯ ಕಿವಿಗೆ. ಕೊನೆಯ ನುಡಿಯನ್ನು ಕೂಗಿ ಹಾಡಲಾಗದು, ಹೆಂಡತಿಗೆ ಹೇಳುವ ಮಾತು ಅದು. ನಾವು ಹಾಸನದಲ್ಲಿ ಕೇಳಿದ ಹುಡುಗರು ಪಲ್ಲವಿಯನ್ನೇ ಶಿಖರ ಮಾಡಿ ನಿಲ್ಲಿಸಿದ್ದರಿಂದ ಹಾಡು ಸೋರುತ್ತಿದೆ ಎಂಬ ದೂರಿನಲ್ಲೇ ಮುಗಿಯಿತು. ಹೆಂಡತಿ ಇಲ್ಲ, ಮಳೆ ಇಲ್ಲ, ಕರುಣೆ ಇಲ್ಲ, ನಂಬಿಕೆ ಇಲ್ಲ. ತಪ್ಪು ಗಿಟಾರಿನದಲ್ಲ. ಗಿಟಾರು ಮೆಲ್ಲಗೂ ನುಡಿಯಬಲ್ಲದು. ಎಲ್ಲ ವಾದ್ಯ ನಿಲ್ಲಿಸಿ ಒಂದೇ ತಂತಿ ಮೀಟಿ ಆ ನುಡಿಯನ್ನು ಹಾಡಿದ್ದರೆ ಆ ಸಭಾಂಗಣ ಏನಾಗುತ್ತಿತ್ತೋ ಎಂದು ನಾವು ಇನ್ನೂ ಯೋಚಿಸುತ್ತಿದ್ದೇವೆ.

ಇದನ್ನೆಲ್ಲ ಆ ಹುಡುಗನಿಗೆ ಹೇಳುವ ಅವಕಾಶ ಬಂತು. ಸೆಪ್ಟೆಂಬರಿನ ಒಂದು ಶುಕ್ರವಾರ ಅವನು ತಾಯಿಯ ಜೊತೆ ಜಾವಗಲ್ಲಿನ ದರ್ಗಾಕ್ಕೆ ಬಂದಿದ್ದ. ಅವನ ತಾಯಿಗೆ ಇಲ್ಲಿ ಹರಕೆಯಿತ್ತಂತೆ. ನಮ್ಮೂರಿಗೆ ಲಕ್ಷ್ಮೀನರಸಿಂಹ ದೇವಾಲಯ ನೋಡಲು ಬರುವವರೂ ಉಂಟು, ದರ್ಗಾಕ್ಕೆಂದು ಬರುವವರೂ ಉಂಟು. ಎರಡನ್ನೂ ಮುಗಿಸಿ ಒಂದೇ ಹೋಟೆಲಿನಲ್ಲಿ ಚಹಾ ಕುಡಿಯುತ್ತಾರೆ. ಅಲ್ಲೇ ಸಿಕ್ಕ. ಕರುಣೆಯ ಪದವನ್ನು ಯಾವ ಕಡೆಗೆ ಸೇರಿಸಬೇಕೆಂಬ ಮಾತು ಬಂದಾಗ ಕೈಚೀಲದಿಂದ ಹಾಡಿನ ಹಾಳೆ ತೆಗ್ದು ಪೆನ್ನಿನಲ್ಲಿ ಗೆರೆ ಎಳೆದುಕೊಂಡ. ಮೊದಲು ಒಂದು ಥರ, ಆಮೇಲೆ ಇನ್ನೊಂದು ಥರ, ಮೆಲ್ಲಗೆ ಹಾಡಿ ನೋಡಿದ. ಹೊರಗೆ ಸೋನೆ ಹಿಡಿದಿತ್ತು. ಪಕ್ಕದ ಬೆಂಚಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕರೊಬ್ಬರು, ‘ಯಾವ ಪಿಚ್ಚರ್‌ದಪ್ಪಾ ಇದು?’ ಎಂದು ಕೇಳಿದರು.

‘ಪಿಚ್ಚರ್‌ದಲ್ಲ ತಾತ, ಶರೀಫ್ ಸಾಹೇಬರದು’ ಎಂದ ಹುಡುಗ.

ತಾತ ಹಾಡಿನಲ್ಲಿ ಒಂದೇ ಪದ ಹಿಡಿದಿದ್ದರು. ‘ಹುಬ್ಬೆ ಅಂದ್ಯಲ್ಲ, ಈಗ ಹುಯ್ತಿರೋದು ಅದೇ’ ಎಂದು ಹೊರಗೆ ಕೈ ತೋರಿಸಿದರು. ‘ಇನ್ನೆರಡು ದಿನ ಹಿಂಗೇ ಹಿಡಿದ್ರೆ ರಾಗಿ ಬದುಕ್ತದೆ. ನಮ್ಮ ಕೊಟ್ಟಿಗೆ ಗೋಡೆ ನಿಲ್ಲಲ್ಲ.’

ಹುಡುಗ ನಮ್ಮ ಮುಖ ನೋಡಿದ. ತಾತ ಇನ್ನೊಂದು ಚಹಾ ಹೇಳಿದರು.